ಸೊನ್ನೆಯಲ್ಲಿ ತಾಳೆ ನೋಡಿದ ಕರೆಂಟು

ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ಫೋನು ಮಾಡುತ್ತಾರೆ. "ಮೇಡಂ, ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಈಗ ಆರಾಮಂತೆ, ಎಲ್ಲಾ ಕಂಪ್ಯೂಟರೇ ಮಾಡುತ್ತಂತೆ?" ಎಂದು ಕೇಳುತ್ತಾರೆ. ಹೌದಪ್ಪಾ, ಎಲ್ಲಾ ಅದೇ ಮಾಡುತ್ತದೆ. ತಪ್ಪು ಮಾಡುವುದೊಂದನ್ನು ಮಾತ್ರ ನಮಗೆ ಬಿಟ್ಟುಕೊಟ್ಟಿದೆ. ಆ ಒಂದು ಕೆಲಸವನ್ನು ನಾವು ಎಷ್ಟು ಶ್ರದ್ಧೆಯಿಂದ ಮಾಡಿದೆವು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಆಡಳಿತ ಮಂಡಳಿಗೆ ಅಜ್ಜಂಪುರ, ತರೀಕೆರೆ, ಕಡೂರು ಮೂರೂ ಕಡೆ ಕಾಲೇಜುಗಳಿದ್ದವು. ಮೇಷ್ಟ್ರುಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಕಲೆಸಿ ಮೂರು ಊರಿಗೂ ಹಂಚುವುದು ಅವರಿಗೊಂದು ಹವ್ಯಾಸ. ನಾನು ಅಜ್ಜಂಪುರದಲ್ಲಿ ಶುರು ಮಾಡಿ, ತರೀಕೆರೆಯಲ್ಲಿ ಬೈಸಿಕೊಂಡು, ಕಡೂರಿನಲ್ಲಿ ನಿವೃತ್ತಳಾದೆ. ನಡುವೆ ಬಡ್ತಿಯೂ ಬಂತಂತೆ. ಕುರ್ಚಿ ಬದಲಾಗಲಿಲ್ಲವಾದ್ದರಿಂದ ನನಗೆ ಅಷ್ಟಾಗಿ ಗೊತ್ತಾಗಲಿಲ್ಲ.

ಅಜ್ಜಂಪುರದಲ್ಲಿ ಕಪ್ಪೆಗಳ ಕಾಲ. ಕೆರೆಯಿಂದ ಹಿಡಿದು ತಂದ ಕಪ್ಪೆಯ ಕಾಲಿನ ನರ ಬಿಡಿಸಿ, ಅದಕ್ಕೆ ಸಣ್ಣಗೆ ಕರೆಂಟು ಮುಟ್ಟಿಸಿ, ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮಿನ ಮೇಲೆ ಸ್ನಾಯುವಿನ ಕುಣಿತವನ್ನು ಬರೆಸಿಕೊಳ್ಳುತ್ತಿದ್ದೆವು. ಕೈಯೆಲ್ಲ ಮಸಿ, ಸೀರೆಯೆಲ್ಲ ಮಸಿ. ಆಮೇಲೆ ಕಪ್ಪೆ ಕೊಯ್ಯಬಾರದು ಎಂದು ನಿಯಮ ಬಂತು. ಕಪ್ಪೆಗಳಿಗೆ ಒಳ್ಳೆಯದಾಯಿತು, ನನಗೂ ಬೇಜಾರಿಲ್ಲ. ಕೊಯ್ಯುವ ಕತ್ತರಿಗಳನ್ನು ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ವರ್ಗವಾದಾಗಲೆಲ್ಲ ಅದರಲ್ಲೊಂದು ಕತ್ತರಿ ಕಡೂರಿನವರೆಗೂ ನನ್ನ ಜೊತೆಗೇ ಬಂತು.

ಕಪ್ಪೆಯ ಜಾಗಕ್ಕೆ ಕಂಪ್ಯೂಟರಿನೊಳಗಿನ ನರಕೋಶ ಬಂತು. ಆ ಪ್ರೋಗ್ರಾಮು ಪುಕ್ಕಟೆ ಸಿಗುತ್ತದೆ ಎಂದು ಗೊತ್ತಾದ ದಿನವೇ ಆಡಳಿತ ಮಂಡಳಿಗೆ ವಿಜ್ಞಾನದ ಮೇಲೆ ಪ್ರೀತಿ ಉಕ್ಕಿ ಹರಿಯಿತು. ಪ್ರೋಗ್ರಾಮು ತಂದರು, ಮಾನಿಟರುಗಳಿಗೆ ಕುಂಕುಮ ಇಟ್ಟರು, ಪೂಜೆ ಮಾಡಿದರು. ಅದರಲ್ಲಿ ಬರುವ ಅಂಕಿಗಳನ್ನು ಓದುವವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ನಮ್ಮ ವಿಭಾಗದಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಗಣಿತಕ್ಕೆ ಹೆದರಿ ಪ್ರಾಣಿಶಾಸ್ತ್ರಕ್ಕೆ ಓಡಿಬಂದವರು. ಜಿರಲೆಯ ಬಾಯಿಯ ಭಾಗಗಳನ್ನು ಕಣ್ಣು ಮುಚ್ಚಿ ಬಿಡಿಸುತ್ತಿದ್ದರು, ಎರಡು ದಶಮಾಂಶ ಕಂಡರೆ ಬೆವರುತ್ತಿದ್ದರು.

ಪ್ರಯೋಗ ಏನೆಂದು ಹೇಳಿಬಿಡುತ್ತೇನೆ. ನರಕೋಶದ ಒಳಭಾಗಕ್ಕೂ ಹೊರಭಾಗಕ್ಕೂ ನಡುವೆ ಒಂದು ಪುಟ್ಟ ವೋಲ್ಟೇಜ್ ಇರುತ್ತದೆ, ಮಿಲಿವೋಲ್ಟುಗಳಲ್ಲಿ. ಅದನ್ನು ನಾವು ಹೇಳಿದ ಅಂಕಿಯಲ್ಲಿ ಕದಲದಂತೆ ಹಿಡಿದು ನಿಲ್ಲಿಸುವುದೇ ವೋಲ್ಟೇಜ್ ಕ್ಲ್ಯಾಂಪ್. ಕೋಶದ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಹರಿದು ವೋಲ್ಟೇಜನ್ನು ಎಳೆದಾಡಲು ನೋಡುತ್ತವೆ. ಕೋಶಕ್ಕೆ ಚುಚ್ಚಿದ ನಮ್ಮ ಎಲೆಕ್ಟ್ರೋಡು ಅಷ್ಟೇ ಕರೆಂಟು ಕೊಟ್ಟು ಅದನ್ನು ತಡೆಯುತ್ತದೆ. ಹಗ್ಗ ಜಗ್ಗುವ ಹೋರಿಯನ್ನು ನಿಂತಲ್ಲೇ ನಿಲ್ಲಿಸಲು ನಾವೆಷ್ಟು ಎಳೆಯಬೇಕಾಯಿತು ಎಂದು ನೋಡಿದರೆ ಹೋರಿಯ ಬಲ ತಿಳಿಯುವುದಿಲ್ಲವೇ, ಹಾಗೆ. ಕಂಪ್ಯೂಟರಿನಲ್ಲಿ ಹೋರಿಯೂ ಇಲ್ಲ, ಹಗ್ಗವೂ ಇಲ್ಲ, ಆದರೆ ಲೆಕ್ಕ ನಿಜವಾದದ್ದೇ.

ತರೀಕೆರೆಯಲ್ಲಿ ನಮ್ಮ ವಿಭಾಗಕ್ಕೆ ಒಬ್ಬ ಹಿರಿಯರಿದ್ದರು. ಹೆಸರು ಬೇಡ, ಮೊಮ್ಮಕ್ಕಳು ಓದಿಯಾರು. ಆ ಪ್ರೋಗ್ರಾಮಿನಲ್ಲಿರುವುದು ತಣ್ಣನೆಯ ಕಡಲಿನ ಸ್ಕ್ವಿಡ್ ಎಂಬ ಪ್ರಾಣಿಯ ನರ. ಅದರ ಉಷ್ಣಾಂಶವೂ ಚಳಿಯದೇ, ಆರೇಳು ಡಿಗ್ರಿ. ಹಿರಿಯರಿಗೆ ಇದು ಸರಿ ಕಾಣಲಿಲ್ಲ. ನಮ್ಮ ಮಕ್ಕಳಿಗೆ ನಮ್ಮ ಊರಿನ ಹವೆಯಲ್ಲೇ ಪಾಠ ಆಗಬೇಕು ಎಂದು ಬೇಸಿಗೆಯ ಬಿಸಿಲಿನ ಅಂಕಿ ಹಾಕಿದರು. ಬಿಸಿ ಏರಿದರೆ ಸೋಡಿಯಂ ದಾರಿ ಎಷ್ಟೋ ಪಟ್ಟು ಬೇಗ ತೆರೆದು ಮುಚ್ಚುತ್ತದೆ. ಗ್ರಾಫಿನಲ್ಲಿ ಗುಂಡಿಯ ಹಾಗೆ ಕಾಣಬೇಕಾದದ್ದು ಅಕ್ಷದ ಗೆರೆಗೆ ಅಂಟಿಕೊಂಡ ಒಂದು ಎಳೆಯಾಯಿತು. "ಬಿಸಿಲಿಗೆ ಕೋಶ ಸತ್ತಿದೆ" ಎಂದು ಹಿರಿಯರು ಎಲ್ಲರ ರೆಕಾರ್ಡಿನಲ್ಲೂ ಬರೆಸಿದರು. ನಾನು ಸಮಯದ ಅಕ್ಷವನ್ನು ಹಿಗ್ಗಿಸಿ, "ಸತ್ತಿಲ್ಲ ಸರ್, ಬೇಗ ಕೆಲಸ ಮುಗಿಸಿದೆ" ಎಂದು ತೋರಿಸಿದೆ.

"ಅಷ್ಟು ಬೇಗ ಯಾರ್ರೀ ಕೆಲ್ಸ ಮುಗಿಸ್ತಾರೆ ಈ ಕಾಲೇಜಲ್ಲಿ?" ಎಂದರು. ಅದೊಂದು ಮಾತನ್ನು ಅವರು ಅನುಭವದಿಂದಲೇ ಹೇಳಿದ್ದು, ನಾನು ಒಪ್ಪಿಕೊಂಡೆ.

ಅದೇ ತರೀಕೆರೆಯಲ್ಲಿ ಕಾಲೇಜಿನ ಯೋಗ್ಯತೆ ಅಳೆಯಲು ಒಂದು ಕಮಿಟಿ ಬರುವುದಿತ್ತು. ಒಳಕ್ಕೆ ಹರಿಯುವ ಕರೆಂಟನ್ನು ಮೈನಸ್ ಎಂದು ಬರೆಯುವುದು ವಾಡಿಕೆ, ಹಾಗಾಗಿ ಸೋಡಿಯಂ ಗೆರೆ ಕೆಳಕ್ಕೆ ಇಳಿಯುತ್ತದೆ. ಗೋಡೆಗೆ ಅಂಟಿಸಿದ್ದ ಗ್ರಾಫುಗಳನ್ನು ನೋಡಿದ ಅಲ್ಲಿನ ಪ್ರಿನ್ಸಿಪಾಲರ ಮುಖವೂ ಇಳಿಯಿತು. "ಏನ್ ಮೇಡಂ, ಎಲ್ಲಾ ಕೆಳಗೇ ಹೋಗ್ತಿದೆಯಲ್ಲ! ಕಮಿಟಿಯವ್ರು ಏನಂದ್ಕೋತಾರೆ?" ಎಂದರು. ಮಾರನೆಯ ದಿನ ನೋಡುತ್ತೇನೆ, ಗ್ರಾಫುಗಳೆಲ್ಲ ತಲೆಕೆಳಗಾಗಿ ಅಂಟಿಕೊಂಡಿವೆ. ಅಕ್ಷದ ಅಂಕಿಗಳು ಶೀರ್ಷಾಸನ ಹಾಕಿದ್ದವು. ಕಮಿಟಿಯವರು ಒಂದೊಂದರ ಮುಂದೆಯೂ ನಿಂತು ತಲೆದೂಗಿದರು. ಒಳ್ಳೆಯ ದರ್ಜೆಯೇ ಬಂತು ಎಂದು ಕೇಳಿದೆ.

ಇವೆಲ್ಲ ನಕ್ಕು ಮರೆಯುವಂಥವು. ಕಡೂರಿನದು ಹಾಗಲ್ಲ.

ಕಡೂರಿನಲ್ಲಿ ತಿಪ್ಪೇಸ್ವಾಮಿಯವರು ವಿಭಾಗದ ಮುಖ್ಯಸ್ಥರು. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ, ಅದೇ ತೊಂದರೆ; ಕೆಟ್ಟವರಾಗಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ಅವರಿಗೆ ಫ್ಲೆಕ್ಸಿನ ಹುಚ್ಚು. ನಮ್ಮ ಕಡೆ ಹುಟ್ಟುಹಬ್ಬಕ್ಕೆ ಫ್ಲೆಕ್ಸು, ತಿಥಿಗೆ ಫ್ಲೆಕ್ಸು, ಬೋರ್‌ವೆಲ್ಲಿಗೆ ನೀರು ಬಂದರೆ ಫ್ಲೆಕ್ಸು, ಲ್ಯಾಬಿಗೆ ಯಾಕಿರಬಾರದು? ನಾನು ವರ್ಗವಾಗಿ ಬರುವ ಹೊತ್ತಿಗೆ ಲ್ಯಾಬಿನ ಗೋಡೆಯ ತುಂಬ ಒಂದು ಫ್ಲೆಕ್ಸು ರಾರಾಜಿಸುತ್ತಿತ್ತು. ಮೇಲೆ ಆಡಳಿತ ಮಂಡಳಿಯ ಅಧ್ಯಕ್ಷರು ಕೈಮುಗಿದಿದ್ದರು, ಪಕ್ಕದಲ್ಲಿ ಪ್ರಿನ್ಸಿಪಾಲರು, ಮೂಲೆಯಲ್ಲಿ ತಿಪ್ಪೇಸ್ವಾಮಿ. ನಡುವೆ ದಪ್ಪಕ್ಷರದಲ್ಲಿ ನರಕೋಶದ ಕರೆಂಟು ಲೆಕ್ಕ ಹಾಕುವ ವಿಧಾನ.

ಆ ಲೆಕ್ಕ ಇಷ್ಟೇ. ಪ್ರೋಗ್ರಾಮು ಕರೆಂಟನ್ನು ಒಂದು ಚದರ ಸೆಂಟಿಮೀಟರ್ ಪೊರೆಗೆ ಇಷ್ಟು ಮಿಲಿ ಆಂಪಿಯರ್ ಎಂದು ಕೊಡುತ್ತದೆ. ನಮಗೆ ಬೇಕಾದದ್ದು ಇಡೀ ಕೋಶದ ಕರೆಂಟು, ನ್ಯಾನೋ ಆಂಪಿಯರುಗಳಲ್ಲಿ. ಕೋಶದ ವಿಸ್ತೀರ್ಣ ಚದರ ಮೈಕ್ರಾನಿನಲ್ಲಿರುತ್ತದೆ. ಅದರಿಂದ ಗುಣಿಸಿ ನೂರರಿಂದ ಭಾಗಿಸಬೇಕು. ಫ್ಲೆಕ್ಸಿನಲ್ಲಿ ನೂರರಿಂದ ಗುಣಿಸಿ ಎಂದಿತ್ತು. ಭಾಗಿಸುವ ಕಡೆ ಗುಣಿಸಿದರೆ ಉತ್ತರ ಹತ್ತು ಸಾವಿರ ಪಟ್ಟು ಹಿಗ್ಗುತ್ತದೆ. ಆ ಲೆಕ್ಕದ ಪ್ರಕಾರ ನಮ್ಮ ವಿದ್ಯಾರ್ಥಿಗಳ ತಲೆಯೊಳಗೆ ಹರಿಯುತ್ತಿದ್ದ ಕರೆಂಟಿಗೆ ಕಡೂರಿನ ಸಬ್‌ಸ್ಟೇಷನ್ನೇ ಸುಟ್ಟುಹೋಗಬೇಕಿತ್ತು.

ಬಂದ ವಾರವೇ ಹೇಳಿದೆ. ತಿಪ್ಪೇಸ್ವಾಮಿ ಬೇಸರ ಮಾಡಿಕೊಳ್ಳಲಿಲ್ಲ. "ಸಣ್ಣದನ್ನ ದೊಡ್ಡದು ಮಾಡ್ಬೇಕಂದ್ರೆ ಗುಣಿಸ್ಲೇಬೇಕಲ್ವಾ ಮೇಡಂ? ಅದೂ ಅಲ್ದೆ ನಾವು ತಾಳೆ ನೋಡಿದೀವಿ" ಎಂದರು.

ಹೇಗೆ ತಾಳೆ ನೋಡಿದರು ಎಂದು ಕೇಳಿದರೆ ಕಂಪ್ಯೂಟರಿನ ಮುಂದೆ ಕೂರಿಸಿ ತೋರಿಸಿದರು. ಸೋಡಿಯಂಗೆ ಒಂದು ವೋಲ್ಟೇಜ್ ಇದೆ, ಆ ಪ್ರೋಗ್ರಾಮಿನಲ್ಲಿ ಐವತ್ತು ಮಿಲಿವೋಲ್ಟ್. ಕೋಶವನ್ನು ಅಲ್ಲಿ ಹಿಡಿದು ನಿಲ್ಲಿಸಿದರೆ ಸೋಡಿಯಂ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ, ಕರೆಂಟು ಸೊನ್ನೆ. ಅವರು ಅಲ್ಲಿ ಕ್ಲ್ಯಾಂಪ್ ಹಾಕಿದರು. ಸೊನ್ನೆ ಬಂತು. ಫ್ಲೆಕ್ಸಿನಂತೆ ನೂರರಿಂದ ಗುಣಿಸಿದರು, ಸೊನ್ನೆಯೇ ಬಂತು. "ನೋಡಿದ್ರಾ? ಕರೆಕ್ಟಾಗಿ ಬಂತು" ಎಂದು ನನ್ನ ಮುಖ ನೋಡಿದರು.

ಸೊನ್ನೆಯನ್ನು ನೂರರಿಂದ ಗುಣಿಸಿದರೂ ಸೊನ್ನೆ, ಭಾಗಿಸಿದರೂ ಸೊನ್ನೆ, ಬಾವಿಗೆ ಹಾಕಿದರೂ ಸೊನ್ನೆ. ಇದನ್ನು ಎಂ.ಎಸ್‌ಸಿ. ಮಾಡಿದ ಮನುಷ್ಯನಿಗೆ ನಾನು ಬಿಡಿಸಿ ಹೇಳಬೇಕಾಯಿತು. ಎಲ್ಲಾ ಕೇಳಿಸಿಕೊಂಡು, "ನೀವ್ ಹೇಳೋದೂ ಸರಿ ಮೇಡಂ. ಆದ್ರೆ ಅಧ್ಯಕ್ಷರ ಫೋಟೋ ಇರೋದನ್ನ ಇಳಿಸೋಕಾಗುತ್ತಾ?" ಎಂದರು. ಆ ಕಾಲೇಜಿನಲ್ಲಿ ಪ್ರತಿ ಬ್ಯಾಚೂ ಹೀಗೆಯೇ ಸೊನ್ನೆಯಲ್ಲಿ ತಾಳೆ ನೋಡಿ, 'ಕರೆಂಟು ಪರಿಶೀಲಿಸಲಾಗಿದೆ' ಎಂದು ಬರೆದು, ಮೊಹರು ಹಾಕಿಸಿಕೊಂಡು ಹೋಗುತ್ತಿತ್ತು. ನಾನು ನನ್ನ ತರಗತಿಯಲ್ಲಿ ಭಾಗಿಸಲು ಕಲಿಸುತ್ತಿದ್ದೆ. ಪರೀಕ್ಷೆಯ ದಿನ ಮಕ್ಕಳು ನನ್ನನ್ನೂ ಗೋಡೆಯನ್ನೂ ನೋಡಿ, ಗೋಡೆಯನ್ನು ನಂಬುತ್ತಿದ್ದರು. ಅವರನ್ನೂ ಬೈಯಲಾರೆ. ಮಾರ್ಕ್ಸು ಹಾಕುವವರು ಗೋಡೆಯ ಕಡೆಯವರು.

ನೇತ್ರಾ ಮಾತ್ರ ಬೇರೆ ಜಾತಿಯ ಪ್ರಾಣಿ. ಯಗಟಿಯ ಹುಡುಗಿ, ಮನೆಯಲ್ಲಿ ಕುರಿ ಸಾಕುತ್ತಿದ್ದರು. ಬೆಳಗಿನ ಬಸ್ಸಿಗೆ ಬಂದು, ಬಸ್ಸು ತಡವಾದರೆ ಬಾಗಿಲಲ್ಲೇ ನಿಂತು ಉಳಿದ ಪಾಠ ಕೇಳುತ್ತಿದ್ದಳು. ಒಂದು ದಿನ ಫ್ಲೆಕ್ಸನ್ನೇ ದಿಟ್ಟಿಸುತ್ತ ನಿಂತಿದ್ದಳು.

"ಮೇಡಂ, ನಂಗೊಂದು ಡೌಟೈತೆ. ಒಂದು ಚದರ ಸೆಂಟಿಮೀಟ್ರಿಗೆ ಬರೋದೇ ಒಂದು ಮಿಲಿ ಆಂಪಿಯರ್. ಅಷ್ಟು ಜಾಗದಾಗೆ ಸಾವಿರ ಚದರ ಮೈಕ್ರಾನಿನ ನಮ್ಮ ಕೋಶ ಒಂದು ಲಕ್ಷ ಹಿಡಿಸ್ತಾವೆ. ಗೋಡೆ ಲೆಕ್ಕ ಹಿಡಿದ್ರೆ ಹತ್ತೇ ಕೋಶದಾಗೆ ಆ ಒಂದು ಮಿಲಿ ಪೂರಾ ಬಂದ್ಬಿಡ್ತೈತೆ. ಮಿಕ್ಕಿದ್ದವು ಏನ್ ಮಾಡ್ತಾವೆ?"

"ಫ್ಲೆಕ್ಸ್ ನೋಡ್ತಾ ನಿಂತಿರ್ತಾವೆ ಕಣೇ" ಎಂದೆ.

ಅವಳು ನಗಲಿಲ್ಲ. "ಹಿಂಡಿನ ಉಣ್ಣೆಯೆಲ್ಲ ಒಂದೇ ಕುರಿ ಮೈಮ್ಯಾಲೆ ಐತೆ ಅಂದಂಗಾಯ್ತು" ಎಂದು ಗೊಣಗಿಕೊಂಡು ಹೋದಳು. ನನಗೆ ಅಂದು ಎಷ್ಟು ಸಂತೋಷವಾಯಿತೆಂದರೆ, ಸಂಜೆ ಮನೆಗೆ ಹೋಗುವಾಗ ಸಿಕ್ಕ ತಿಪ್ಪೇಸ್ವಾಮಿಯವರಿಗೂ ನಕ್ಕು ನಮಸ್ಕಾರ ಹೇಳಿದೆ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಆ ಸಲ ಅದರಲ್ಲಿ ಫೇಲಾದರೆ ಓದು ಸಾಕು, ಅಣ್ಣಂದಿರ ಜೊತೆ ಕುರಿ ನೋಡಿಕೋ ಎಂದು ನೇತ್ರಾಳಿಗೆ ಮನೆಯಲ್ಲಿ ಹೇಳಿಯಾಗಿತ್ತು. ಪಾಸಾದರೆ ಎಂ.ಎಸ್‌ಸಿ.ಗೆ ಹೋಗುವ ಆಸೆ. ಮಾರ್ಕ್ಸು ಹಾಕುವವರು ಇಬ್ಬರು: ತಿಪ್ಪೇಸ್ವಾಮಿ, ಮತ್ತೆ ಹೊರಗಿನಿಂದ ಬಂದ ಒಬ್ಬ ಪರೀಕ್ಷಕರು. ನಾನು ಲ್ಯಾಬು ನೋಡಿಕೊಳ್ಳುವವಳು ಅಷ್ಟೆ. ಕಂಪ್ಯೂಟರು ನಿಂತರೆ ಚಾಲೂ ಮಾಡಬೇಕು, ಬಾಯಿ ಮಾತ್ರ ಚಾಲೂ ಮಾಡಬಾರದು. ಹೊರಗಿನ ಪರೀಕ್ಷಕರು ಬಂದ ತಕ್ಷಣ ಕೇಳಿದ್ದು ಹಿಂದಕ್ಕೆ ಹೋಗುವ ರೈಲಿನ ಹೊತ್ತು.

ನೇತ್ರಾಳಿಗೆ ಬಂದದ್ದು ಅದೇ ಪ್ರಶ್ನೆ. ಸಾವಿರ ಚದರ ಮೈಕ್ರಾನಿನ ಕೋಶವನ್ನು ಸೊನ್ನೆ ಮಿಲಿವೋಲ್ಟಿನಲ್ಲಿ ಹಿಡಿದು ನಿಲ್ಲಿಸಿ, ಸೋಡಿಯಂ ಕರೆಂಟು ಎಷ್ಟೆಂದು ಹೇಳಬೇಕು. ಚದರ ಸೆಂಟಿಮೀಟರಿಗೆ ಸುಮಾರು ಒಂದು ಮಿಲಿ ಆಂಪಿಯರ್ ಬಂತು. ಅವಳು ಹತ್ತು ನ್ಯಾನೋ ಆಂಪಿಯರ್ ಎಂದು ಬರೆದಳು. ಉಳಿದವರೆಲ್ಲರದು ಒಂದು ಲಕ್ಷ.

ತಿಪ್ಪೇಸ್ವಾಮಿ ಅವಳ ಹತ್ತಿರ ಹೋಗಿ ಮೆತ್ತಗೆ, "ಗೋಡೆ ನೋಡಮ್ಮ, ಇನ್ನೂ ಟೈಮಿದೆ. ತಿದ್ದಿಬಿಡು" ಎಂದರು.

"ನೋಡಿದೆ ಸರ್. ಅದು ತಪ್ಪೈತೆ."

ಹೊರಗಿನ ಪರೀಕ್ಷಕರು ಕನ್ನಡಕ ಮೇಲೇರಿಸಿ ಮೊದಲು ಹುಡುಗಿಯನ್ನೂ ಆಮೇಲೆ ಗೋಡೆಯ ಮೇಲಿನ ಅಧ್ಯಕ್ಷರನ್ನೂ ನೋಡಿದರು. "ಅಷ್ಟು ಜನ ಒಂದು ಲಕ್ಷ ಅಂತ ಬರೆದಿದಾರೆ, ನೀನೊಬ್ಬಳು ಹತ್ತು ಅಂತೀಯ. ಇದಕ್ಕೆ ಸೊನ್ನೆ ಹಾಕ್ಬೇಕಾಗುತ್ತೆ, ಗೊತ್ತಲ್ಲ?" ಎಂದರು. ಆ ಪ್ರಶ್ನೆಗೆ ಸೊನ್ನೆ ಬಿದ್ದರೆ ಅವಳು ಪಾಸಾಗುವಂತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. "ಸರ್, ತಾಳೆ ನೋಡಿ ತೋರಿಸೋಕೆ ಅವಳಿಗೆ ಹೇಳಿ" ಎಂದೆ. "ತಾಳೆನಾ? ಐವತ್ತರಲ್ಲಿ ಸೊನ್ನೆ ಬರುತ್ತೆ ಬಿಡಿ" ಎಂದರು ತಿಪ್ಪೇಸ್ವಾಮಿ.

ನೇತ್ರಾ ಐವತ್ತರ ತಂಟೆಗೇ ಹೋಗಲಿಲ್ಲ. ಸೋಡಿಯಂ ಕರೆಂಟೊಂದೇ ಕಾಣಲಿ ಎಂದು ಪೊಟ್ಯಾಸಿಯಂ ದಾರಿಗೆ ಸೊನ್ನೆ ಹಾಕಿ ಮುಚ್ಚಿದಳು. ಆಮೇಲೆ ಆ ಲ್ಯಾಬಿನಲ್ಲಿ ಯಾರೂ ಯಾವತ್ತೂ ತೆರೆಯದ ಇನ್ನೊಂದು ಗ್ರಾಫು ತೆರೆದಳು. ಅದು ಎಲೆಕ್ಟ್ರೋಡು ಕೊಡುವ ಕರೆಂಟಿನದು. ಪ್ರೋಗ್ರಾಮೇ ಅದನ್ನು ನೇರವಾಗಿ ನ್ಯಾನೋ ಆಂಪಿಯರಿನಲ್ಲಿ ತೋರಿಸುತ್ತದೆ, ಗುಣಿಸುವುದೂ ಬೇಡ, ಭಾಗಿಸುವುದೂ ಬೇಡ. ಹೋರಿ ಎಳೆದಷ್ಟೇ ಹಗ್ಗ ಹಿಡಿದವನೂ ಎಳೆದಿರಬೇಕು, ಎರಡೂ ಹೊಂದಲೇಬೇಕು. ಗೆರೆ ಕೆಳಕ್ಕಿಳಿದು ಹತ್ತಕ್ಕೆ ಕೂದಲೆಳೆಯಷ್ಟು ಮೊದಲೇ ನಿಂತಿತು.

"ಆ ಚೂರು ಯಾಕೆ ಕಡಿಮೆ?" ಎಂದರು ಪರೀಕ್ಷಕರು, ಹಿಡಿದುಬಿಟ್ಟೆ ಎಂಬ ಖುಷಿಯಲ್ಲಿ.

"ಸೋರಿಕೆ ಕರೆಂಟು ಸರ್. ಪೊರೆಯಾಗೆ ಯಾವಾಗ್ಲೂ ಚೂರು ಸೋರ್ತಿರ್ತೈತೆ, ಅದು ಸೋಡಿಯಂಗೆ ಎದುರಾಗಿ ಹೊರಕ್ಕೆ ಹರೀತೈತೆ. ಲೆಕ್ಕ ಹಾಕಿ ತೋರಿಸ್ಲಾ?"

ಬೇಡ ಎಂದರು. ಇಬ್ಬರೂ ಕಾರಿಡಾರಿಗೆ ಹೋಗಿ ಗುಸುಗುಸು ಮಾತಾಡಿಕೊಂಡು ಬಂದರು. ಹೊರಗಿನವರು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು: "ಎರಡೂ ಸರಿ. ಒಂದು ಕಂಪ್ಯೂಟರ್ ವಿಧಾನ, ಇನ್ನೊಂದು ಫ್ಲೆಕ್ಸ್ ವಿಧಾನ. ಎಲ್ರಿಗೂ ಪೂರ್ತಿ ಮಾರ್ಕ್ಸು." ಹತ್ತು ಮತ್ತು ಒಂದು ಲಕ್ಷ, ಎರಡೂ ಸರಿಯಂತೆ! ಇಂಥ ಮನುಷ್ಯ ಅಂಗಡಿಗೆ ಹೋದರೆ ಹೇಗೆ ಸಾಮಾನು ತರುತ್ತಾನೋ ದೇವರೇ ಬಲ್ಲ. ಅವರು ರೈಲು ಹಿಡಿಯಲು ಹೊರಟರು, ತಿಪ್ಪೇಸ್ವಾಮಿ ಸ್ಟೇಷನ್ನಿಗೆ ಬಿಟ್ಟುಬಂದರು.

ನೇತ್ರಾ ಬಸ್‌ಸ್ಟ್ಯಾಂಡಿನವರೆಗೂ ನನ್ನ ಜೊತೆ ನಡೆದಳು. ಪಾಸಾದೆಯಲ್ಲ, ಇನ್ನೇನು ಎಂದೆ.

"ಪಾಸಾದೆ ಮೇಡಂ. ಆದ್ರೆ ನಂದೇ ಸರಿ ಅಂತ ಅವ್ರು ಯಾರೂ ಅನ್ಲಿಲ್ವಲ್ಲ. ತಪ್ಪು ಮಾಡಿದ್ರೂ ಅಷ್ಟೇ ಮಾರ್ಕ್ಸು ಅಂದ್ಮ್ಯಾಲೆ ನಾನ್ಯಾಕೆ ಅಷ್ಟು ಹೆದ್ರಿಕೊಂಡು ಕೂತಿದ್ದೆ?"

ಯಗಟಿ ಬಸ್ಸು ಬಂತು, ಹತ್ತಿ ಹೋದಳು. ನನ್ನ ಮಟ್ಟಿಗೆ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಅವಮಾನ ಎಂದೂ ಆಗಿರಲಿಲ್ಲ. ಅವಳು ಎಂ.ಎಸ್‌ಸಿ. ಸೇರಿದಳು. ಫ್ಲೆಕ್ಸು ಅಲ್ಲೇ ಇತ್ತು.

ನಾನು ನಿವೃತ್ತಳಾಗುವ ವರ್ಷ ಅಧ್ಯಕ್ಷರು ಬದಲಾದರು, ಫ್ಲೆಕ್ಸು ಕೊನೆಗೂ ಇಳಿಯಿತು. ತಪ್ಪು ಲೆಕ್ಕಕ್ಕೆ ಇಳಿಯದ್ದು ಹಳೆ ಮುಖಕ್ಕೆ ಇಳಿಯಿತು. ನನಗೆ ಬೀಳ್ಕೊಡುಗೆಯನ್ನು ಲ್ಯಾಬಿನಲ್ಲೇ ಇಟ್ಟುಕೊಂಡಿದ್ದರು. "ನಿಮಗೊಂದು ಸರ್‌ಪ್ರೈಸ್ ಇದೆ ಮೇಡಂ" ಎಂದು ತಿಪ್ಪೇಸ್ವಾಮಿ ಗೋಡೆಯ ಮೇಲಿನ ಪರದೆ ಸರಿಸಿದರು. ಹೊಸ ಫ್ಲೆಕ್ಸು. ಹೊಸ ಅಧ್ಯಕ್ಷರು ಕೈಮುಗಿದಿದ್ದರು. ಪಕ್ಕದಲ್ಲಿ ಯಾವುದೋ ಮದುವೆಯಲ್ಲಿ ತೆಗೆದ ನನ್ನ ಫೋಟೋ, ಇಷ್ಟಗಲ ನಗು. ನನ್ನ ಎಡಗಿವಿಯ ಪಕ್ಕದಲ್ಲೇ ದಪ್ಪಕ್ಷರದಲ್ಲಿ: ನೂರರಿಂದ ಗುಣಿಸಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಮೇಡಂ ಭಾವುಕರಾದರು ಎಂದು ಇನ್ನಷ್ಟು ತಟ್ಟಿದರು.

ನೇತ್ರಾ ಊರಿಂದ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಎದ್ದು ಬಂದವಳು ಫ್ಲೆಕ್ಸನ್ನು ಒಂದು ಗಳಿಗೆ ನೋಡಿ, "ಫೋಟೋ ಚೆನ್ನಾಗಿ ಬಂದೈತೆ ಮೇಡಂ. ಲೆಕ್ಕ ಹಂಗೇ ಐತೆ" ಎಂದಳು. ನಾನು ಬೀರು ತೆಗೆದು, ಅಜ್ಜಂಪುರದಿಂದ ಬಂದಿದ್ದ ಕಪ್ಪೆಯ ಕತ್ತರಿಯನ್ನು ಬಟ್ಟೆ ಬಿಚ್ಚಿ ಅವಳ ಕೈಗಿಟ್ಟೆ. ಅವಳು ಸ್ಟೂಲು ಎಳೆದುಕೊಂಡು ಹತ್ತಿದಳು.

"ಏ ಏ, ಏನ್ ಮಾಡ್ತಿದೀಯಮ್ಮ? ಅಧ್ಯಕ್ಷರಿದಾರೆ!" ಎಂದರು ತಿಪ್ಪೇಸ್ವಾಮಿ. ಅವರ ಕೈಯಲ್ಲಿ ನನಗೆ ಹಾಕಬೇಕಾದ ಹಾರವಿತ್ತು.

"ಅಧ್ಯಕ್ಷರನ್ನ ಮುಟ್ಟಲ್ಲ ಸರ್." ನನ್ನ ಕಡೆ ತಿರುಗಿದಳು. "ಮೇಡಂ, ನಿಮ್ಮ ಕಿವಿ ಒಂಚೂರು ಹೋಗ್ತೈತೆ."

"ಹೋಗ್ಲಿ ಬಿಡೇ, ಇವ್ರ ಮಾತೆಲ್ಲ ಕೇಳಿ ಕೇಳಿ ಅದಕ್ಕೂ ಸಾಕಾಗಿದೆ" ಎಂದೆ.

ಕತ್ತರಿಸಿದಳು. ಹಳೆಯ ಕತ್ತರಿ, ಹರಿತ ಹೋಗಿರಲಿಲ್ಲ. ನೂರರಿಂದ ಗುಣಿಸಿ ಎನ್ನುವುದು ನನ್ನ ಅರ್ಧ ಕಿವಿಯ ಸಮೇತ ಕೆಳಗೆ ಬಿತ್ತು. ಆ ಜಾಗದಲ್ಲಿ ಚೌಕನೆಯ ಗೋಡೆ ಕಾಣಿಸಿತು. ಆಗ ಮುಂದಿನ ಸಾಲಿನಲ್ಲಿದ್ದ ಮೊದಲ ವರ್ಷದ ಒಬ್ಬ ಹುಡುಗಿ, ಪಾಪ, ಏನೂ ತಿಳಿಯದೆ, "ಸರ್, ಅಲ್ಲಿ ಏನಿರಬೇಕಿತ್ತು?" ಎಂದು ಕೇಳಿದಳು.

ತಿಪ್ಪೇಸ್ವಾಮಿ ನನ್ನ ಕಡೆ ನೋಡಿದರು. ನಾನು ಫ್ಯಾನು ನೋಡುತ್ತ ಕೂತೆ. ಅವರು ಗೋಡೆ ನೋಡಿದರು. ಗೋಡೆಯಲ್ಲೀಗ ಏನೂ ಇರಲಿಲ್ಲ. ಕೊನೆಗೆ ಸ್ಟೂಲಿನ ಮೇಲಿದ್ದವಳ ಕಡೆ ತಿರುಗಿ, "ಅವತ್ತು ನಿಂದೇ ಸರಿ ಇತ್ತು ಕಣಮ್ಮ. ನೀನೇ ಹೇಳ್ಕೊಡು" ಎಂದರು.

ನೇತ್ರಾ ಕತ್ತರಿಯನ್ನು ನನ್ನ ಕೈಗೆ ಕೊಟ್ಟು, ಸೀಮೆಸುಣ್ಣ ಹಿಡಿದು, ಚದರ ಸೆಂಟಿಮೀಟರಿನಿಂದ ಶುರು ಮಾಡಿದಳು. ಒಂದು ಹೆಜ್ಜೆಯನ್ನೂ ಬಿಡಲಿಲ್ಲ, ಸೋರಿಕೆಯ ಕರೆಂಟನ್ನೂ ಬಿಡಲಿಲ್ಲ. ಅಷ್ಟು ಹೊತ್ತೂ ನನ್ನ ಹಾರ ತಿಪ್ಪೇಸ್ವಾಮಿಯವರ ಕೈಯಲ್ಲೇ ಇತ್ತು.